ತಗಡಿನ ಬೆನ್ನು

ತಪ್ಪಾಯಿತು, ಇದನ್ನೆಲ್ಲ ಹೇಳಿಕೊಳ್ಳುವ ಯೋಗ್ಯತೆ ತನಗಿಲ್ಲ, ಯಾರಿಗೆ ಹೇಳಬೇಕಿತ್ತೋ ಅವಳು ಹೋಗಿ ಮೂರು ವರ್ಷವಾಯಿತು, ಈಗ ಎದುರು ಸಾಲಿನ ನೆರಳಲ್ಲಿ ನಿಂತು ಒಳಗೊಳಗೇ ಗೊಣಗಿಕೊಂಡರೆ ಕೇಳುವವರು ಯಾರು — ಎದುರಿನ ಕಟ್ಟಡಕ್ಕೆ ಕಟ್ಟಿದ ಸಾರುವೆಯ ಮೇಲೆ ಹಳದಿ ಟೊಪ್ಪಿಗೆಯವನು ಸ್ಪ್ಯಾನರಿಗೆ ಮೈಭಾರ ಕೊಟ್ಟ, ಬೋಲ್ಟು ಕಿರ್ರ್ ಅಂತು, ಹಲ್ಲಿನ ಬುಡಕ್ಕಿಳಿದ ಆ ಸದ್ದಿಗೆ ನೆರಳಲ್ಲಿ ನಿಂತ ಅವನು ಕಣ್ಣು ಮುಚ್ಚಿದ, ಮತ್ತೆ ತೆರೆದ, ತಗಡು ಇನ್ನೂ ಅಲ್ಲೇ ಇತ್ತು, ಉದ್ದುದ್ದ ಗೆರೆಗಳ ಮಾಸಿದ ಕಂದು ತಗಡು, ಎರಡಂತಸ್ತಿನ ಕಟ್ಟಡದ ಮುಖದ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಿಸ್ಕತ್ತಿನ ಡಬ್ಬಿ ಮಗುಚಿ ಹಾಕಿದ ಹಾಗೆ, ಮೂವತ್ತೊಂದು ವರ್ಷದಿಂದ. ಅದರ ನಕ್ಷೆ ಬರೆದವನು ಅವನೇ. ಸಂಜೆ ತರಗತಿಯಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಹಗಲು ಇಂಜಿನಿಯರ್ ಸಾಹೇಬರ ಆಫೀಸಿನಲ್ಲಿ ಇನ್ನೊಬ್ಬರು ಎಳೆದ ಗೆರೆಗಳ ಮೇಲೇ ಗೆರೆ ಎಳೆಯುತ್ತಿದ್ದವನಿಗೆ ಮೊದಲ ಸಲ ಸ್ವಂತಕ್ಕೆ ಸಿಕ್ಕ ಕೆಲಸ, ಹಳೇ ಮಾರ್ಕೆಟ್ ಬೀದಿಯ ಮುದಿ ಕಟ್ಟಡಕ್ಕೆ ಹೊಸ ಮುಖ. ಆಮೇಲೆ ಇದೇ ಬೀದಿಯಲ್ಲಿ ಇನ್ನೂ ಹತ್ತು ಮುಖ ಬರೆದ, ಬ್ಯಾಂಕಿಗೊಂದು, ಚಪ್ಪಲಿ ಅಂಗಡಿಗೊಂದು, ಯಾವುದಕ್ಕೂ ಕಣ್ಣು ಇರಲಿಲ್ಲ. ಆಫೀಸಿನಲ್ಲಿ ಅವನಿಗೆ ಅರ್ಧಿಂಚು ಅಂತ ಹೆಸರು, ಅರ್ಧ ಇಂಚು ಹೆಚ್ಚುಕಮ್ಮಿ ಆದರೂ ರಾತ್ರಿ ನಿದ್ದೆ ಮಾಡದವನು ಅಂತ, ಅರ್ಧಿಂಚಣ್ಣ ಬಂದ, ಟೇಪು ಬಚ್ಚಿಡ್ರೋ ಅಂತ ನಗುತ್ತಿದ್ದರು, ಅವನೂ ನಗುತ್ತಿದ್ದ, ಅರ್ಧ ಇಂಚು ನೋಡಿಕೊಂಡವನ ಕೈಲಿ ಒಂದಿಡೀ ಕಿಟಕಿ ಹೇಗೆ ಹೋಯಿತು ಅಂತ ಯಾರೂ ಕೇಳಲಿಲ್ಲ, ಕೇಳಬೇಕಾದವಳೂ ಕೇಳಲಿಲ್ಲ — ಪಕ್ಕದ ಬೀಗ ರಿಪೇರಿಯವ ತನ್ನ ಪೆಟ್ಟಿಗೆ ಅಂಗಡಿಯಿಂದ ಕತ್ತು ಚಾಚಿ, ಏನ್ ಸಾರ್, ಬೆಳಿಗ್ಗೆಯಿಂದ ನಿಂತೇ ಇದ್ದೀರಲ್ಲ, ನಿಮ್ಮದೇನಾದ್ರೂ ಒಳಗೆ ಸಿಕ್ಕಾಕ್ಕೊಂಡಿದೆಯಾ ಅಂದ. ಇಲ್ಲ, ಸುಮ್ನೆ, ಅಂದ ಅವನು. ಸುಮ್ಮನೆ ನಿಂತವರನ್ನ ನಾನು ನೋಡಿದೀನಿ ಸಾರ್, ಹೀಗೆ ನಿಲ್ಲಲ್ಲ ಅವರು, ಅಂದು ಬೀಗದವ ಮತ್ತೆ ಅರ ಹಿಡಿದ.

ಕಟ್ಟಡದ ಈಗಿನ ಒಡತಿ, ದೊಡ್ಡ ಯಜಮಾನರ ಮೊಮ್ಮಗಳು, ಹೋದ ವಾರ ಫೋನ್ ಮಾಡಿದ್ದಳು, ಅಂಕಲ್, ಹಳೇ ಮುಖ ವಾಪಸ್ ತರೋಣ ಅಂತಿದೀನಿ, ಅಡಿಯಲ್ಲಿ ಏನೇನು ಉಳಿದಿರಬಹುದು, ನಿಮಗೆ ನೆನಪಿದೆಯಾ. ನೆನಪಿದೆಯಾ ಅಂತೆ. ಕಣ್ಣು ಮುಚ್ಚಿದರೆ ಸಾಕು, ಮೇಲಂತಸ್ತಿನಲ್ಲಿ ಐದು ಕಮಾನು ಕಿಟಕಿ, ಕಿಟಕಿಯಿಂದ ಕಿಟಕಿಗೆ ಗಾರೆಯಲ್ಲಿ ತಿದ್ದಿದ ಬಳ್ಳಿ, ಬಳ್ಳಿಯ ಪ್ರತಿ ಎಲೆಗೂ ನಡುನರ, ಯಾವ ಗಾರೆಯವನೋ ಪುಣ್ಯಾತ್ಮ, ರಸ್ತೆಯಿಂದ ಕಾಣುವುದಿಲ್ಲ ಅಂತ ಗೊತ್ತಿದ್ದೂ ನರ ಎಳೆದಿದ್ದ, ಎರಡನೇ ಕಿಟಕಿಯ ಮೇಲಿನ ಚಾಚು ನಮ್ಮ ಚೌಕಟ್ಟಿಗೆ ಅಡ್ಡ ಬರುತ್ತದೆ ಅಂತ ಸುತ್ತಿಗೆಯಲ್ಲಿ ಉದುರಿಸಿದ್ದೆವು, ಬಳ್ಳಿಗೆ ಎರಡೆರಡು ಅಡಿಗೊಂದು ಬೋಲ್ಟು ಹೊಡೆದಿದ್ದೆವು, ನಕ್ಷೆಯಲ್ಲಿ ಬರೀ ಚುಕ್ಕೆಗಳು ಅವು. ಮತ್ತೆ ಮೂರನೇ ಕಿಟಕಿ. ಅಲ್ಪಸ್ವಲ್ಪ ಉಳಿದಿರಬಹುದಮ್ಮ ಅಂದಿದ್ದ ಫೋನಿನಲ್ಲಿ. ಮೂರನೇ ಕಿಟಕಿಯ ಹಿಂದೆ ಅಕ್ಕ ಕೂರುತ್ತಿದ್ದಳು. ಕೋಟು, ಶಾಲು, ರೇಷ್ಮೆ, ಯಾವುದಕ್ಕೆ ತೂತು ಬಿದ್ದರೂ ಊರಿನವರು ಆ ಮೆಟ್ಟಿಲು ಹತ್ತಿ ಅಕ್ಕನಿಗೆ ಕೊಡುತ್ತಿದ್ದರು, ರಫು ಮಾಡಲಿಕ್ಕೆ, ಅಂಚಿನ ಒಳಮಡಿಕೆಯಿಂದ ಅದೇ ಬಟ್ಟೆಯ ಎಳೆ ಬಿಡಿಸಿ ಅದೇ ಬಟ್ಟೆಯ ತೂತಿಗೆ ನೇಯುತ್ತಿದ್ದಳು, ಅಡ್ಡಕ್ಕೊಂದು ಉದ್ದಕ್ಕೊಂದು, ಮುಗಿದ ಮೇಲೆ ತೂತು ಎಲ್ಲಿತ್ತು ಅಂತ ಬಟ್ಟೆಯವರೇ ಹುಡುಕಬೇಕು. ಹೊರಗಿನ ದಾರ ತಂದು ಮುಚ್ಚಿದರೆ ಅದು ತೇಪೆ ಕಣೋ, ರಫು ಅಲ್ಲ, ಅನ್ನುತ್ತಿದ್ದಳು. ಕೂದಲೆಳೆಯಂಥ ದಾರ, ಅದಕ್ಕೆ ಹಗಲ ಬೆಳಕೇ ಬೇಕು, ದೀಪದ ಬೆಳಕಿನಲ್ಲಿ ಕಪ್ಪೂ ಕಡುನೀಲಿಯೂ ಒಂದೇ. ಅದಕ್ಕೇ ಬೆಳಿಗ್ಗೆ ಬಂದವಳು ಬೀಗ ತೆಗೆದು, ಕೂರುವ ಮೊದಲು, ಹಳೇ ಮಲ್ಲು ಬಟ್ಟೆಯ ಚೂರನ್ನು ಅಂಗೈಗೆ ಸುತ್ತಿಕೊಂಡು ಕಿಟಕಿಯ ಗಾಜು ಒರೆಸುತ್ತಿದ್ದಳು, ದುಂಡಗೆ, ನಡುವಿನಿಂದ ಶುರುಮಾಡಿ ಅಗಲ ಅಗಲ ಸುತ್ತು, ಮೂಲೆಗಳು ಮಾತ್ರ ಹಾಗೇ ಉಳಿಯುತ್ತಿದ್ದವು. ಮೂಲೆ ಬಿಟ್ಟೆ ಅಕ್ಕ, ಅಂದರೆ, ಮೂಲೆಯಿಂದ ಯಾರು ನೋಡ್ತಾರೆ, ಅಂತಿದ್ದಳು. ಮನೆಯ ಕನ್ನಡಿಯೂ ಹಾಗೇ, ಗಡಿಯಾರದ ಗಾಜೂ ಹಾಗೇ, ಅವಳ ಕನ್ನಡಕವೂ, ನಡುವೆ ಫಳಫಳ, ನಾಲ್ಕೂ ಮೂಲೆಗೆ ಧೂಳು. ಇವತ್ತು ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ನೋಡಿದ, ಕನ್ನಡಿಯಲ್ಲಿ ಆ ದುಂಡು ಈಗಿಲ್ಲ, ಇಡೀ ಕನ್ನಡಿಗೇ ಧೂಳು ಸಮನಾಗಿ ಕೂತಿದೆ, ಒರೆಸಬೇಕು ಅಂದುಕೊಂಡ, ಒರೆಸಲಿಲ್ಲ, ಒರೆಸಿದರೆ ತನ್ನ ಕೈ ಮೂಲೆಗೂ ಹೋಗುತ್ತದೆ.

ತಾಯಿ ತಂದೆ ಇಬ್ಬರೂ ಹೋದಾಗ ಅವನಿಗೆ ಏಳು, ಅವಳಿಗೆ ಹದಿನೆಂಟು. ಅವನು ಓದಿ ಒಂದು ದಡ ಸೇರಲಿ ಅಂತ ಅವಳು ಮದುವೆ ಮುಂದಕ್ಕೆ ಹಾಕಿದಳು, ಆಮೇಲೆ ಅವಳನ್ನು ಬಿಟ್ಟು ತಾನೇನು ಮಾಡಿಕೊಳ್ಳುವುದು ಅಂತ ಅವನು ಮುಂದಕ್ಕೆ ಹಾಕಿದ, ಹಾಕುತ್ತ ಹಾಕುತ್ತ ಇಬ್ಬರದೂ ದಾಟಿಹೋಯಿತು. ಸ್ಲೇಟಿನಲ್ಲಿ ಅಕ್ಷರ ತಿದ್ದಿಸಿದವಳು ಅವಳು, ಕೈ ಹಿಡಿದು, ದುಂಡಗೆ ಬರಲಿ, ಕಾಗೆ ಕಾಲಿನ ಹಾಗೆ ಗೀಚಬೇಡ. ಸಂಜೆ ತರಗತಿಗೆ ಕಳಿಸಿದವಳೂ ಅವಳೇ — ಮೇಲೆ ಬೋಲ್ಟು ಒಂದು ಜಾರಿ ಕೆಳಗೆ ಬಿತ್ತು, ಟಣ್, ಉರುಳುತ್ತ ಚರಂಡಿಯ ಅಂಚಿಗೆ ನಿಂತಿತು — ಅಳತೆ ತೆಗೆದದ್ದು ಒಂದು ರಜಾ ದಿನ, ಬೀದಿಯೆಲ್ಲ ಬಾಗಿಲು ಹಾಕಿತ್ತು, ಇಂಜಿನಿಯರ್ ಸಾಹೇಬರು, ದೊಡ್ಡ ಯಜಮಾನರು, ಕೋಲು ಹಿಡಿದ ಅವನು. ಯಜಮಾನರು ಬೆರಳೆತ್ತಿ ತೋರಿಸುತ್ತ ಹೋದರು, ಒಂದನೇದು ಗೋಡೌನು, ಎರಡನೇದು ಗೋಡೌನು, ಮೂರನೇದೂ ಬಳಕೆಯಲ್ಲಿಲ್ಲ ಅಂತಲೇ ಬರ್ಕೊಳ್ಳಿ, ಯಾರೋ ಒಬ್ರು ಹೊಲಿಯೋರು ಇದಾರೆ, ಖಾಲಿ ಮಾಡಿಸ್ತೀನಿ, ಒಂದು ತೂತು ಬಿಟ್ಟು ಮಿಕ್ಕಿದ್ದು ಮುಚ್ಚಿದ್ರೆ ಒಂಟಿಕಣ್ಣನ ಹಾಗೆ ಕಾಣುತ್ತೆ. ಸಾಹೇಬರು ನಕ್ಕರು. ಅವನ ಪೆನ್ಸಿಲು ನಿಂತಿತು. ಎಷ್ಟು ಹೊತ್ತು — ಒಂದು ಉಸಿರಿನಷ್ಟು ಹೊತ್ತು. ಸಾರ್, ಅಲ್ಲಿರೋದು ನಮ್ಮಕ್ಕ. ಮೂರೇ ಮಾತು, ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು, ಮೊದಲ ಕೆಲಸ, ಸಾಹೇಬರ ಮುಖ, ಮನೆಯವರ ವಿಷಯ ಇಲ್ಲಿ ತಂದ ಅಂದುಕೊಂಡರೆ, ಸಂಜೆ ಅಕ್ಕನಿಗೇ ಹೇಳಿ ಹಿಂದಿನ ಕೋಣೆಗೆ ಬದಲಾಯಿಸಿದರಾಯಿತು ಅಂತ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡು, ಬರೆದ. ಸಂಜೆ ಹೇಳಲಿಲ್ಲ. ಮಾರನೇ ಸಂಜೆಯೂ. ನುಂಗಲೂ ಆಗದೆ ಉಗುಳಲೂ ಆಗದೆ ಒಂದು ತಿಂಗಳು ಕಳೆದ, ಅಷ್ಟರಲ್ಲಿ ತಗಡು ಬಂತು. ಅವಳು ಒಂದು ಸೋಮವಾರ ಬೆಳಿಗ್ಗೆ ಹೋಗಿ ಕಿಟಕಿಯ ಮುಂದೆ ಕೂತಾಗ ಎದುರಿಗೆ ಬೀದಿ ಇರಲಿಲ್ಲ. ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ, ಕಟ್ಟಡಕ್ಕೆ ಮುಸುಕು ಹಾಕಿದಾರೆ ಕಣೋ, ನಿಮ್ಮ ಆಫೀಸಿಂದಂತೆ, ಯಾರು ಬರೆದದ್ದು ನಕ್ಷೆ, ಅಂದಳು. ಅವನು ತಟ್ಟೆ ಹಾಕುತ್ತಿದ್ದ. ಬೇರೆಯವರು ಅಕ್ಕ, ನನಗೆ ಗೊತ್ತಿಲ್ಲ, ಅಂದ. ಹೌದಾ, ಅಂದಳು. ಬೇಸಿಗೆಯಲ್ಲಿ ಧಗೆ ಕಡಿಮೆಯಾಗುತ್ತೆ ಬಿಡು, ಅಂದಳು. ಅಷ್ಟೇ.

ಅಷ್ಟೇ ಅಲ್ಲ, ನಾಲ್ಕೈದು ದಿನ ಕಳೆದ ಮೇಲೆ ಒಂದು ಮಾತು ಅಂದಳು, ಉಣ್ಣುತ್ತ, ತಲೆ ಎತ್ತದೆ, ನಿನ್ನ ಅಕ್ಷರ ಈಗ ದುಂಡಗಾಗಿದೆ ಕಣೋ. ಯಾಕೆ ಅಂದಳೋ, ಬಾಗಿಲಿಗೆ ಹೊಸದಾಗಿ ಹೆಸರಿನ ಹಲಗೆ ಬರೆದು ಹಾಕಿದ್ದ ಆ ವಾರ, ಅದಕ್ಕೇ ಇರಬೇಕು ಅಂದುಕೊಂಡು ಖುಷಿಪಟ್ಟ, ಇನ್ನೊಂದು ತುತ್ತು ಜಾಸ್ತಿ ಉಂಡ. ಗೋಡೌನು ಹಿಡಿದಿದ್ದ ಬೇರೆಯವರೆಲ್ಲ ಒಬ್ಬೊಬ್ಬರೇ ಮೇಲಂತಸ್ತು ಬಿಟ್ಟು ಹೋದರು, ಅವಳು ಹೋಗಲಿಲ್ಲ, ಕತ್ತಲ ಕೋಣೆಯನ್ನು ಬೇರೆ ಯಾರೂ ಕೇಳಲಿಲ್ಲವಾಗಿ ಯಜಮಾನರೂ ಸುಮ್ಮನಾದರು, ಇಪ್ಪತ್ತೆಂಟು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತಳು. ಅವನು ಅಷ್ಟೂ ವರ್ಷ ಆ ಮೆಟ್ಟಿಲು ಒಮ್ಮೆಯೂ ಹತ್ತಲಿಲ್ಲ. ಊಟದ ಡಬ್ಬಿ ಕೊಡಲು ಬಂದರೆ ಕೆಳಗೆ ನಿಂತು ಅಕ್ಕಾ ಅಂತ ಕೂಗುವುದು, ಮೊಣಕಾಲು ನೋವು ಅಂತಿದ್ದ, ಮೂವತ್ತೂ ತುಂಬದವನಿಗೆ ಮೊಣಕಾಲು ನೋವು, ಅವಳು ನಂಬಿದ ಹಾಗೆ ತಲೆಯಾಡಿಸುತ್ತಿದ್ದಳು. ಒಂದು ಗಂಟೆಗೆ ಇಳಿದು ಬರುತ್ತಿದ್ದವಳು ತಗಡು ಬಂದ ಮೇಲೆ ಮೂರು ಗಂಟೆಗೆ ಇಳಿಯಲಾರಂಭಿಸಿದಳು. ಹೊಟ್ಟೆ ಹಸಿಯಲ್ವಾ ಅಕ್ಕ ಅಂದರೆ, ಹನ್ನೆರಡರಿಂದ ಎರಡೂವರೆ ನನಗೆ ಕೆಲಸದ ಹೊತ್ತು ಕಣೋ, ಆಗ ಎಬ್ಬಿಸಬೇಡ. ಎಲ್ಲ ಹೊತ್ತೂ ಒಂದೇ ಟ್ಯೂಬ್‌ಲೈಟಿನ ಕೋಣೆಯಲ್ಲಿ ಹನ್ನೆರಡರಿಂದ ಎರಡೂವರೆಗೆ ಏನು ವಿಶೇಷ, ಅವನು ಕೇಳಲಿಲ್ಲ, ಅರ್ಧ ಇಂಚಿಗೆ ಹತ್ತು ಪ್ರಶ್ನೆ ಕೇಳುವವನು. ಅವಳ ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ಬಟ್ಟೆಯ ತುಂಡಿಗೆ ಚುಚ್ಚಿ ಕೊಡುತ್ತಿದ್ದ, ಅದು ಅವನ ಕೆಲಸ, ಅದನ್ನು ಮಾಡುವಾಗ ಮಾತ್ರ ಎದೆಯ ಭಾರ ಒಂದಿಷ್ಟು ಇಳಿದ ಹಾಗಾಗುತ್ತಿತ್ತು, ಕಳ್ಳ ಕದ್ದ ಮನೆಗೇ ಕಾವಲು ಕೂತ ಹಾಗೆ. ಕೊನೆಯ ಸಲ ಪೋಣಿಸಿ ಕೊಟ್ಟ ಹತ್ತರಲ್ಲಿ ನಾಲ್ಕು ಸೂಜಿಗೆ ದಾರ ಹಾಗೇ ಇದೆ, ಕಪಾಟಿನಲ್ಲಿ, ಬಿಚ್ಚಿಲ್ಲ. ಅವಳು ಹೋದ ಮೇಲೆ ಅವಳ ಮೇಜನ್ನು ಇಳಿಸಲು ಕೂಡ ಕೂಲಿಯವನನ್ನೇ ಕಳಿಸಿದ, ಖಾನೆಯಲ್ಲಿ ಕತ್ತರಿ, ಮೇಣದ ತುಂಡು, ಎಣ್ಣೆಕಲೆ ತೆಗೆಯುವ ಪೆಟ್ರೋಲಿನ ಸಣ್ಣ ಸೀಸೆ, ಮಲ್ಲಿನ ಚೂರುಗಳು ಮಡಿಸಿ ಮಡಿಸಿ ಇಟ್ಟದ್ದು, ಇಷ್ಟು ಚೂರು ಯಾಕೆ ಅಂದುಕೊಂಡಿದ್ದ, ಬೀದಿಯೇ ಕಾಣದ ಕಿಟಕಿಗೆ ಇನ್ನೂ ಗಾಜು ಒರೆಸುತ್ತಿದ್ದಳೇ ಅಂತ.

ಮೊದಲನೇ ಹಾಳೆ ಸಡಿಲವಾಯಿತು, ಹಗ್ಗದಲ್ಲಿ ಓಲಾಡುತ್ತ ಇಳಿಯಿತು, ಕೆಳಗಿದ್ದ ಇಬ್ಬರು ಹಿಡಿದು ಫುಟ್‌ಪಾತಿನ ಕಂಬಿಗೆ ಬೆನ್ನು ಈಚೆಗೆ ಮಾಡಿ ಒರಗಿಸಿದರು. ಬೆನ್ನಿನ ತುಂಬ ಮಸಿ, ಜೇಡರ ಬಲೆ, ಮೂವತ್ತೊಂದು ವರ್ಷದ ಬಸ್ಸು ಲಾರಿಗಳ ಹೊಗೆ ಬೆರಳು ದಪ್ಪ. ಮೇಲೆ ಒಂದನೇ ಕಿಟಕಿ ಕಂಡಿತು, ಕಮಾನು ಇದೆ, ಬಳ್ಳಿಯ ಎಲೆ ಎರಡು ಇವೆ, ಮೂರನೇದರ ಜಾಗದಲ್ಲಿ ಬೋಲ್ಟಿನ ತೂತು. ಬೀಗದವ ಎದ್ದು ಬಂದು ಪಕ್ಕಕ್ಕೆ ನಿಂತ, ಅಯ್ಯೋ ಇಷ್ಟು ಚೆಂದ ಇತ್ತಾ ಸಾರ್ ಇದು, ಮೇಲೆ ಥಳಕು ಒಳಗೆ ಹುಳುಕು ಅಂತಾರೆ, ಇವರದು ಉಲ್ಟಾ ನೋಡಿ, ಥಳಕು ಒಳಗಿಟ್ಟು ಹುಳುಕು ಮೇಲೆ ಹಾಕಿದಾರೆ, ಯಾವ ಮಹಾನುಭಾವ ಮಾಡಿದ್ನೋ. ಕೆಳಗಿನ ಕೆಲಸದವನು ಹಾಳೆ ಯಾವುದೆಂದು ಗುರುತು ಹುಡುಕುತ್ತ ತೋಳಿನಿಂದ ಮಸಿ ಒರೆಸಿದ, ಅಡಿಯಿಂದ ಕೆಂಪು ಅಕ್ಷರ ಎದ್ದು ಬಂದವು, ಓದಿದ, ದೊಡ್ಡ ದನಿಯಲ್ಲಿ, ಶಾಲೆಯಲ್ಲಿ ಓದುವ ಹಾಗೆ, ಸಾಲು ಎರಡು, ಕಿಟಕಿ ಒಂದು, ಬಳಕೆಯಲ್ಲಿಲ್ಲ, ಮುಚ್ಚುವುದು. ನೋಡ್ರೋ, ಎಷ್ಟು ದುಂಡಗೆ ಬರೆದಿದಾನೆ ಮಾರಾಯ, ಯಾರದಪ್ಪ ಈ ಅಕ್ಷರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಅಂಗಿಯ ಜೇಬಿಗೆ ಹೋಯಿತು, ಅಲ್ಲಿ ಪೆನ್ಸಿಲು ಇರುತ್ತಿತ್ತು, ಈಗ ಇಲ್ಲ, ನಿವೃತ್ತನಿಗೆ ಯಾಕೆ ಪೆನ್ಸಿಲು. ಬರೆದಿದ್ದ, ಹೌದು, ತಗಡಿನವರ ಗೋಡೌನಿನ ನೆಲದಲ್ಲಿ ಮಂಡಿಯೂರಿ, ಕೆಂಪು ಮೇಣದ ಪೆನ್ಸಿಲಿನಿಂದ, ಹಾಳೆ ಅದಲುಬದಲಾಗಬಾರದು ಅಂತ ಪ್ರತಿಯೊಂದಕ್ಕೂ ಸಾಲು, ಸಂಖ್ಯೆ, ಷರಾ. ಮುಂಭಾಗಕ್ಕೆ ಕಲೆಯಾಗಬಾರದು ಅಂತ ಬೆನ್ನಿಗೆ ಬರೆದ. ಎಲ್ಲರೂ ಹಾಗೆ ಬರೆಯುವುದಿಲ್ಲ, ಸೀಮೆಸುಣ್ಣದಲ್ಲಿ ಒಂದು ಅಂಕಿ ಗೀಚುತ್ತಾರೆ, ಅರ್ಧಿಂಚು ಮಾತ್ರ ಪೂರ್ತಿ ವಾಕ್ಯ ಬರೆದ. ಬೆನ್ನು ಯಾರಿಗೆ ಕಾಣುತ್ತದೆ ಅಂದುಕೊಂಡಿದ್ದ. ಬೆನ್ನು — ಗೋಡೆಯ ಕಡೆ ಇರುತ್ತದೆ. ಗೋಡೆಯಲ್ಲಿ ಕಿಟಕಿ ಇರುತ್ತದೆ. ಕಿಟಕಿಯ ಹಿಂದೆ — ಎರಡನೇ ಹಾಳೆಯ ಬೋಲ್ಟು ಬಿಚ್ಚುತ್ತಿದ್ದಾರೆ, ಗೋಡೆಗೂ ಹಾಳೆಗೂ ನಡುವೆ ಒಂದು ಮೊಳ ಅಂತರ, ತಾನೇ ಬರೆದ ಅಂತರ, ಹದಿನೆಂಟು ಇಂಚು, ಆ ಸೋಮವಾರ ಅವಳು ಕಿಟಕಿಯ ಬಾಗಿಲನ್ನು ಒಳಕ್ಕೆ ತೆರೆದಿದ್ದರೆ, ಹದಿನೆಂಟು ಇಂಚಿನ ಆಚೆ, ಮೂಗಿನ ಎದುರಿಗೆ, ಅವಳೇ ಕೈ ಹಿಡಿದು ತಿದ್ದಿಸಿದ ಅಕ್ಷರ. ಯಾರು ಬರೆದದ್ದು ನಕ್ಷೆ. ಬೇರೆಯವರು ಅಕ್ಕ. ಹೌದಾ. ನಿನ್ನ ಅಕ್ಷರ ಈಗ ದುಂಡಗಾಗಿದೆ ಕಣೋ. ಇಲ್ಲ, ಹೆಸರಿನ ಹಲಗೆ ನೋಡಿ ಅಂದದ್ದು, ಕಿಟಕಿ ತೆರೆದಿರಲಾರಳು, ತಗಡು ಬಂದ ಮೇಲೆ ಯಾಕೆ ತೆರೆಯುತ್ತಾಳೆ, ಏನಿದೆ ನೋಡಲಿಕ್ಕೆ, ಮುಚ್ಚಿದ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಕಾಣುತ್ತದೆ, ಆಚೆ ಬರೀ ಕತ್ತಲೆ, ಚಿಲಕ ತುಕ್ಕು ಹಿಡಿದಿರುತ್ತದೆ, ಕತ್ತಲೆಯ ಜೊತೆ ಧೂಳು ಬೇರೆ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ. ಎರಡನೇ ಹಾಳೆ ಇಳಿಯಿತು, ಬೆನ್ನು ಪೂರ್ತಿ ಕಪ್ಪು, ಹಿಂದಿನ ಕಿಟಕಿ ಮುಚ್ಚಿತ್ತು, ಮರ ಉಬ್ಬಿ ಚೌಕಟ್ಟಿಗೇ ಅಂಟಿತ್ತು. ನೋಡು, ಅಂದುಕೊಂಡ, ನೋಡು, ಮುಚ್ಚೇ ಇದೆ, ಮೂರನೇದೂ ಹೀಗೇ ಮುಚ್ಚಿರಲಿ ದೇವರೇ, ಅಕ್ಕನ ಬೆಳಕು ಕಿತ್ತುಕೊಂಡವನು ಈಗ ಅವಳ ಕಿಟಕಿ ಮುಚ್ಚಿರಲಿ ಅಂತ ಬೇಡಿಕೊಳ್ಳುತ್ತಿದ್ದಾನೆ, ಮುಚ್ಚಿದ್ದರೆ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರದಿದ್ದರೆ ಇಪ್ಪತ್ತೆಂಟು ವರ್ಷ ತಾನು ಹಾಕಿದ ತಟ್ಟೆಯಲ್ಲಿ ಅವಳು ನೆಮ್ಮದಿಯಿಂದ ಉಂಡಳು.

ಮಧ್ಯಾಹ್ನವಾಗಿತ್ತು, ಬೀಗದವ ಟೀ ತರಿಸಿ ಒಂದು ಲೋಟ ಇವನ ಕೈಗಿತ್ತ, ಕುಡೀರಿ ಸಾರ್, ಮುಖದ ಬಣ್ಣವೇ ಹೋಗಿದೆ ನಿಮ್ಮದು. ಬಿಸಿಲು ಈಗ ಕಟ್ಟಡದ ನೆತ್ತಿಗೆ ಬಂದಿದೆ, ಅವನು ನೋಡಿದ, ತಗಡುಗಳ ತಲೆಗೂ ಮೇಲಿನ ಅಂಚುಪಟ್ಟಿಗೂ ನಡುವೆ ಒಂದು ಗೇಣು ಸಂದು ಉಳಿದಿದೆ, ಅದು ಅವನ ಕರುಣೆಯೇನೂ ಅಲ್ಲ, ಹಾಳೆ ಉದ್ದ ಸಾಲದೆ ಉಳಿದದ್ದು, ತುಂಡು ಸೇರಿಸಿ ಮುಚ್ಚೋಣ ಅಂತ ಅವನೇ ಹೇಳಿದ್ದ, ಕಂಟ್ರಾಕ್ಟರು ಕೆಳಗಿಂದ ಯಾರಿಗೆ ಕಾಣುತ್ತೆ ಬಿಡಪ್ಪ ಅಂದಿದ್ದ, ಆ ಸಂದಿನಲ್ಲಿ ಬಿಸಿಲು ಈಗ ಒಂದು ಬಿಳೀ ಪಟ್ಟಿಯಾಗಿ ಒಳಕ್ಕೆ ಇಳಿಯುತ್ತಿದೆ, ಹನ್ನೆರಡು ಗಂಟೆ ದಾಟಿದೆ, ಹನ್ನೆರಡರಿಂದ ಎರಡೂವರೆ ನನಗೆ ಕೆಲಸದ ಹೊತ್ತು ಕಣೋ — ಕೊನೇ ಬೋಲ್ಟು ಬಂತು, ಮೂರನೇ ಹಾಳೆ ಗೋಡೆ ಬಿಟ್ಟಿತು, ಹಗ್ಗದಲ್ಲಿ ಅರ್ಧ ಸುತ್ತು ತಿರುಗಿತು, ತಿರುಗಿದಾಗ ಅದರ ಬೆನ್ನಿನಿಂದ ಬಿಸಿಲು ನೇರ ಅವನ ಕಣ್ಣಿಗೆ ಹೊಡೆಯಿತು. ಮಸಿ ಹಿಡಿದ ತಗಡು ಹಾಗೆ ಹೊಳೆಯುವುದಿಲ್ಲ. ಇದೇನೋ ಇದು, ಅಂದ ಕೆಳಗಿನ ಕೆಲಸದವನು, ಇದೊಂದನ್ನ ಯಾರೋ ತೊಳೆದಿಟ್ಟಿದಾರೆ. ಕಂಬಿಗೆ ಒರಗಿಸಿದರು. ಮೇಲೆ ಮೂರನೇ ಕಿಟಕಿಯ ಎರಡೂ ಬಾಗಿಲು ಒಳಕ್ಕೆ ತೆರೆದಿದ್ದವು, ಗಾಳಿಗೆ ಬಡಿಯದ ಹಾಗೆ ಎರಡಕ್ಕೂ ಕೊಕ್ಕೆ ಹಾಕಿತ್ತು, ಸರಳುಗಳ ಪೈಕಿ ನಡುವಿನ ಎರಡು ಮಾತ್ರ ನುಣುಪಾಗಿದ್ದವು, ಒಂದು ತೋಳು ದಿನಾ ತೂರಿ ತೂರಿ. ಅವನು ರಸ್ತೆ ದಾಟಿದ್ದು ಯಾವಾಗ, ಟೀ ಲೋಟ ಎಲ್ಲಿಟ್ಟ, ತಿಳಿಯದು, ತಗಡಿನ ಎದುರು ನಿಂತಿದ್ದಾನೆ, ಮೂರು ವರ್ಷದ ತೆಳು ಧೂಳಿನ ಅಡಿಯಲ್ಲಿ ಬೆಳ್ಳಿಯ ಹಾಗೆ ಒಂದು ದುಂಡು, ಒಂದು ತೋಳು ಎಟಕುವಷ್ಟು ಅಗಲ, ಸುತ್ತು ಸುತ್ತಾಗಿ ಉಜ್ಜಿದ ಗೀರುಗಳು, ಅದರಾಚೆ ನಾಲ್ಕೂ ಮೂಲೆ ಕರ್ರಗೆ. ಮೇಲಿನ ಗೇಣು ಸಂದಿನಿಂದ ಇಳಿದು ಗೋಡೆಯ ಗಾರೆಗೆ ಬಡಿದು ಚೆದುರಿದ ಬಿಸಿಲನ್ನು ಈ ದುಂಡು ಒಳಕ್ಕೆ ತಿರುಗಿಸಿ ಕೊಟ್ಟಿತ್ತು, ದಿನಕ್ಕೆ ಎರಡೂವರೆ ಗಂಟೆ, ಸೂಜಿಯ ಕಣ್ಣಿಗೆ, ತಗಡಿನಿಂದಲೇ ಎಳೆ ಬಿಡಿಸಿ ತಗಡಿನ ಕತ್ತಲೆಗೆ ರಫು ಹಾಕಿದ್ದಳು. ದುಂಡಿನ ನಟ್ಟನಡುವೆ, ಒಂದಕ್ಷರವೂ ಮಾಸದೆ, ಕೆಂಪಗೆ, ಸಾಲು ಎರಡು, ಕಿಟಕಿ ಮೂರು, ಬಳಕೆಯಲ್ಲಿಲ್ಲ, ಮುಚ್ಚುವುದು. ಮೇಲಿನಿಂದ ಹಳದಿ ಟೊಪ್ಪಿಗೆಯವನು ಬಗ್ಗಿ, ಏನ್ರೋ ಅದು, ಯಾರು ಬರೆದಿರೋದು ಅಂತ ಕೂಗಿದ. ನಾನು, ಅಂದ ಅವನು, ನಾನೇ ಬರೆದದ್ದು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ, ಅದೂ ಯಾರೋ ಒಬ್ಬ ಅಪರಿಚಿತನಿಗೆ. ಹಳದಿ ಟೊಪ್ಪಿಗೆಯವನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅವನಿಗೇನು. ಇವನು ಬೆರಳಿನಿಂದ ಅಕ್ಷರದ ಅಂಚು ಮುಟ್ಟಿದ, ಮೇಣ, ಒಣಬಟ್ಟೆಗೆ ಹೋಗುವುದಿಲ್ಲ, ಅದಕ್ಕೇ ಉಳಿದಿರಬೇಕು, ಪಾಪ ಎಷ್ಟು ಉಜ್ಜಿದರೂ ಹೋಗದೆ — ಆದರೆ ಖಾನೆಯಲ್ಲಿ ಪೆಟ್ರೋಲಿನ ಸೀಸೆ ಇತ್ತು, ಎಣ್ಣೆಯ ಕಲೆ, ಮೇಣದ ಕಲೆ, ಒಂದು ಹನಿ ಸಾಕಿತ್ತು, ಕಲೆ ತೆಗೆಯುವುದು ಅವಳ ಕಸುಬು. ಅಕ್ಷರದ ಮೇಲೆ ಒಂದು ಗೀರೂ ಇಲ್ಲ. ಕೈ ಅಲ್ಲಿಗೆ ಬಂದಾಗಲೆಲ್ಲ ಬಳಸಿಕೊಂಡು ಹೋಗಿದೆ, ಮೂಲೆಗಳನ್ನು ಬಿಟ್ಟ ಹಾಗೆಯೇ ಇದನ್ನೂ ಬಿಟ್ಟಿದ್ದಾಳೆ. ತಮ್ಮ ಮಾಡಿದ್ದು ದಿನಾ ಕಣ್ಣಿಗೆ ಬೀಳಲಿ ಅಂತಲೋ, ಇಡೀ ದಿನ ಒಬ್ಬಳೇ ಕೂರುವ ಕೋಣೆಯಲ್ಲಿ ತಮ್ಮನ ಅಕ್ಷರ ಒಂದಿರಲಿ ಅಂತಲೋ. ಅವನಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ದುಂಡು, ನಡುವೆ ಕೆಂಪಗೆ ತನ್ನ ಅಕ್ಷರ, ಮೂಲೆಗಳಲ್ಲಿ ಧೂಳು, ಮಲ್ಲು ಸುತ್ತಿದ ಅಂಗೈ ಸುತ್ತು ಬರುತ್ತದೆ, ಅಕ್ಷರದ ಹತ್ತಿರ ನಿಧಾನವಾಗುತ್ತದೆ, ಬಳಸಿ ಹೋಗುತ್ತದೆ, ಮತ್ತೆ ಸುತ್ತು ಬರುತ್ತದೆ, ಅಕ್ಷರದ ಹತ್ತಿರ